ಛತ್ರದವನಿಗೆ ಕೊಟ್ಟ ಎರಡು ಹಣ: ‘ಗಾಯಗೊಂಡ ವೈದ್ಯ’ನನ್ನು ಮತ್ತೆ ಓದುವಾಗ

ಪಾಲನಾಶಾಸ್ತ್ರದ ತರಗತಿಗಳಲ್ಲಿ ಅರ್ಧ ಶತಮಾನ ಕಳೆದರೂ ಕೈಬಿಡದೆ ಉಳಿದುಬಂದಿರುವ ಪುಸ್ತಕಗಳು ಹೆಚ್ಚಿಲ್ಲ. ಹೆನ್ರಿ ನೌವೆನ್ ಅವರ ‘ದಿ ವೂಂಡೆಡ್ ಹೀಲರ್’ ಅಂಥ ಕೆಲವೇ ಪುಸ್ತಕಗಳಲ್ಲಿ ಒಂದು. 1972ರಲ್ಲಿ ಹೊರಬಂದ ಈ ಚಿಕ್ಕ ಕೃತಿಯ ಹೆಸರನ್ನು ‘ಗಾಯಗೊಂಡ ವೈದ್ಯ’ ಎಂದು ಕನ್ನಡಕ್ಕೆ ತರಬಹುದು. ಇಲ್ಲಿ ವೈದ್ಯನೆಂದರೆ ಔಷಧ ಬರೆದುಕೊಡುವವನಲ್ಲ. ಇನ್ನೊಬ್ಬರ ಬಾಧೆಯ ಬಳಿ ಕುಳಿತು, ಆ ಬಾಧೆ ವಾಸಿಯಾಗುವುದಕ್ಕೆ ನೆರವಾಗುವವನು. ಪುಸ್ತಕವನ್ನು ಓದದವರೂ ಅದರ ಹೆಸರನ್ನು ಬಲ್ಲರು. ದೀಕ್ಷಾ ಆರಾಧನೆಯ ಪ್ರಸಂಗಗಳಲ್ಲಿ, ಸಭಾಪಾಲಕರ ಧ್ಯಾನಕೂಟಗಳಲ್ಲಿ, ಆಪ್ತಸಮಾಲೋಚಕರ ತರಬೇತಿ ಶಿಬಿರಗಳಲ್ಲಿ ಆ ಹೆಸರು ಒಂದು ಸಿದ್ಧಾಂತದಂತೆಯೇ ಬಳಕೆಯಾಗುತ್ತದೆ.

ಅದನ್ನು ಮತ್ತೆ ಓದಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಕ್ರೈಸ್ತ ಸಂಸ್ಥೆಯೊಂದು ನಡೆಸುತ್ತಿದ್ದ ವ್ಯಸನಮುಕ್ತಿ ಕೇಂದ್ರದಲ್ಲಿ ಸಮಾಲೋಚಕಿಯಾಗಿದ್ದ ಸಹೋದರಿಯೊಬ್ಬರು ನನ್ನನ್ನು ಕಾಣಲು ಬಂದರು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಅಲ್ಲಿ ಒಂಬತ್ತು ವರ್ಷ ದುಡಿದವರು. “ಅಯ್ಯನವರೇ, ಈಗೀಗ ಯಾರಾದರೂ ಎದುರಿಗೆ ಕುಳಿತು ಅತ್ತರೆ ನನಗೆ ಗೋಡೆಯ ಗಡಿಯಾರ ಮಾತ್ರ ಕಾಣುತ್ತದೆ” ಎಂದರು. ನಾನು ಅವರೊಂದಿಗೆ ಪ್ರಾರ್ಥಿಸಿ, ನೌವೆನ್ ಅವರ ಪುಸ್ತಕವನ್ನು ಕೊಟ್ಟು ಕಳುಹಿಸಿದೆ. ಎರಡು ತಿಂಗಳ ನಂತರ ಅದನ್ನು ಹಿಂದಿರುಗಿಸುತ್ತ ಅವರು ಹೇಳಿದರು: “ಪುಸ್ತಕ ಚೆನ್ನಾಗಿದೆ, ಅಯ್ಯನವರೇ. ಆದರೆ ನನಗೆ ಬೇಕಾಗಿದ್ದದ್ದು ಹದಿನೈದು ದಿನದ ರಜೆ, ಇನ್ನೊಬ್ಬ ಸಮಾಲೋಚಕಿ.” ಮುಂದಿನ ವರ್ಷ ಅವರು ಕೆಲಸ ಬಿಟ್ಟರು. ಸಭೆಗೂ ಬರುವುದು ಕಡಿಮೆಯಾಯಿತು.

ಆಕೆಯ ಮಾತು ನೌವೆನ್ ಅವರ ಕೃತಿಯ ಮೇಲಿನ ನ್ಯಾಯವಾದ ವಿಮರ್ಶೆಯೋ, ಬಳಲಿದ ಓದುಗರೊಬ್ಬರ ಅಸಹನೆಯೋ? ನನ್ನ ಮಟ್ಟಿಗೆ ಅದು ನ್ಯಾಯವಾದ ವಿಮರ್ಶೆ. ಆದರೆ ಹಾಗೆನ್ನುವ ಮುನ್ನ ಪುಸ್ತಕಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು.

1. ಪುಸ್ತಕದ ವಾದ

ನೌವೆನ್ 1932ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿ, 1957ರಲ್ಲಿ ಕಥೋಲಿಕ ಯಾಜಕರಾದವರು. ಮನಶ್ಶಾಸ್ತ್ರ ಕಲಿತ ಮೇಲೆ ಅಮೆರಿಕದ ಮೆನಿಂಗರ್ ಚಿಕಿತ್ಸಾ ಸಂಸ್ಥೆಯಲ್ಲಿ ಎರಡು ವರ್ಷ ಅಧ್ಯಯನ ಮಾಡಿದರು. ಆ ಕಾಲದಲ್ಲಿ ಅವರನ್ನು ಆಳವಾಗಿ ತಟ್ಟಿದ್ದು ಆಂಟನ್ ಬಾಯ್ಸನ್ ಅವರ ಬದುಕು. ಬಾಯ್ಸನ್ 1920ರಲ್ಲಿ ತೀವ್ರ ಮನೋರೋಗಕ್ಕೆ ತುತ್ತಾಗಿ ಆಸ್ಪತ್ರೆ ಸೇರಿದ ಬೋಧಕ. ಚೇತರಿಸಿಕೊಂಡ ಬಳಿಕ ಅವರು ವೂಸ್ಟರ್ ನಗರದ ಸರ್ಕಾರಿ ಮನೋರೋಗ ಆಸ್ಪತ್ರೆಯ ಪಾಲಕರಾದರು. 1925ರಿಂದ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಅಲ್ಲಿನ ವಾರ್ಡುಗಳಿಗೆ ಕರೆದೊಯ್ದು ಕಲಿಸತೊಡಗಿದರು. ಇಂದು ನಮ್ಮ ವಿದ್ಯಾರ್ಥಿಗಳು ಆಸ್ಪತ್ರೆಗಳಲ್ಲಿ ಪಡೆಯುವ ಪಾಲನಾ ತರಬೇತಿಯ ಮೂಲಗಳಲ್ಲಿ ಅದು ಮುಖ್ಯವಾದುದು. ತನ್ನ ಗಾಯವನ್ನು ಮರೆಮಾಡದೆ, ಅದನ್ನೇ ಅರಿವಿನ ದಾರಿಯಾಗಿ ಮಾಡಿಕೊಂಡ ವ್ಯಕ್ತಿ ಬಾಯ್ಸನ್. ನೌವೆನ್ ಅವರ ಪುಸ್ತಕಕ್ಕೆ ಆ ಬದುಕೂ ಒಂದು ಹಿನ್ನೆಲೆ.

ಕೃತಿಯಲ್ಲಿ ನಾಲ್ಕು ಅಧ್ಯಾಯಗಳಿವೆ. ಮೊದಲನೆಯದು ನೆಲೆ ತಪ್ಪಿದ ಲೋಕದ ಕುರಿತು, ಎರಡನೆಯದು ಬೇರಿಲ್ಲದ ತಲೆಮಾರಿನ ಕುರಿತು, ಮೂರನೆಯದು ನಿರೀಕ್ಷೆ ಕಳೆದುಕೊಂಡ ಒಬ್ಬ ಮನುಷ್ಯನ ಕುರಿತು, ನಾಲ್ಕನೆಯದು ಸ್ವತಃ ಒಂಟಿಯಾಗಿರುವ ಸೇವಕನ ಕುರಿತು. ಪುಸ್ತಕದ ಹೆಸರಿಗೆ ಆಧಾರವಾದ ಕಥೆ ತಾಲ್ಮೂದಿನ ಸನ್ಹೆದ್ರಿನ್ ಭಾಗದ್ದು. ಮೆಸ್ಸೀಯನು ಎಲ್ಲಿದ್ದಾನೆಂದು ರಬ್ಬಿಯೊಬ್ಬನು ಎಲೀಯನನ್ನು ಕೇಳುತ್ತಾನೆ. ಊರಬಾಗಿಲಲ್ಲಿ, ಗಾಯಗಳಿಂದ ತುಂಬಿದ ಬಡವರ ನಡುವೆ ಕುಳಿತಿದ್ದಾನೆ ಎಂಬುದು ಉತ್ತರ. ಉಳಿದವರು ತಮ್ಮ ಗಾಯಗಳ ಕಟ್ಟುಗಳನ್ನೆಲ್ಲ ಒಮ್ಮೆಗೇ ಬಿಚ್ಚಿ, ಆಮೇಲೆ ಒಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಮೆಸ್ಸೀಯನು ಮಾತ್ರ ಒಂದು ಕಟ್ಟನ್ನು ಬಿಚ್ಚಿ, ಕಟ್ಟಿ, ಆಮೇಲೆ ಇನ್ನೊಂದಕ್ಕೆ ಕೈಹಾಕುತ್ತಾನೆ. ಯಾವ ಗಳಿಗೆಯಲ್ಲಿ ಕರೆ ಬಂದರೂ ತಡವಾಗಬಾರದೆಂಬುದು ಅವನ ಎಚ್ಚರ.

ಈ ಕಥೆಯಿಂದ ನೌವೆನ್ ಒಂದು ಮುಖ್ಯ ಮಾತನ್ನು ಹೊರಡಿಸುತ್ತಾರೆ. ಸೇವಕನು ಗಾಯವಿಲ್ಲದವನಂತೆ ನಟಿಸಬೇಕಾಗಿಲ್ಲ. ಅವನ ಒಂಟಿತನವೇ ಇತರರಿಗೆ ತೆರೆದ ಮನೆಯಾಗಬಲ್ಲದು. ಈ ತೆರೆಯುವಿಕೆಯನ್ನು ಅವರು ಅತಿಥಿಸತ್ಕಾರವೆಂದು ಕರೆಯುತ್ತಾರೆ. ತನ್ನ ಮನೆಯಲ್ಲಿ ತಾನು ನೆಮ್ಮದಿಯಿಂದ ಇರಬಲ್ಲವನು ಮಾತ್ರ ಅತಿಥಿಗೆ ಜಾಗ ಮಾಡಿಕೊಡಬಲ್ಲನು ಎಂಬ ಅವರ ಒಳನೋಟ ಇಂದಿಗೂ ಸತ್ಯ. ಗಾಯವನ್ನು ಪ್ರದರ್ಶನಕ್ಕೆ ಇಡುವ ಚಪಲವನ್ನೂ ಅವರು ಕಟುವಾಗಿ ಖಂಡಿಸುತ್ತಾರೆ. ಹಾಗಾಗಿ ‘ಗಾಯ ಇದ್ದಷ್ಟೂ ಒಳ್ಳೆಯದು’ ಎಂದು ಅವರ ಹೆಸರಿನಲ್ಲಿ ಬೋಧಿಸುವವರು ಪುಸ್ತಕವನ್ನು ಸರಿಯಾಗಿ ಓದಿದವರಲ್ಲ.

ಸೇವಕನೆಂದರೆ ಎಲ್ಲವನ್ನೂ ತಾಳಿಕೊಳ್ಳುವ ಕಂಬ ಎಂಬ ಚಿತ್ರವನ್ನು ಈ ಕೃತಿ ಒಡೆಯಿತು. ಎಷ್ಟೋ ಮಂದಿ ಯಾಜಕರೂ ಸಭಾಪಾಲಕರೂ ತಮ್ಮ ಕುಗ್ಗುವಿಕೆಯನ್ನು ಬಾಯಿಬಿಟ್ಟು ಹೇಳುವುದಕ್ಕೆ ಇದರಿಂದ ಧೈರ್ಯ ಬಂದಿತು. ಇದು ದೊಡ್ಡ ಉಪಕಾರ.

2. ಎರಡು ವರ್ಷಗಳ ನಂತರ ಬಂದ ಪದ

ನೌವೆನ್ ಅವರ ಪುಸ್ತಕದಲ್ಲಿ ಒಂಟಿತನವಿದೆ, ನಿರೀಕ್ಷೆಯಿಲ್ಲದಿರುವಿಕೆಯಿದೆ. ಇಂದು ನಾವು ‘ಬರ್ನ್‌ಔಟ್’ ಎಂದು ಕರೆಯುವ ಸ್ಥಿತಿಯ ವಿಶ್ಲೇಷಣೆ ಇಲ್ಲ. ಆ ಪದವನ್ನು ಮನಶ್ಶಾಸ್ತ್ರದ ಚರ್ಚೆಗೆ ತಂದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. 1974ರಲ್ಲಿ, ಅಂದರೆ ನೌವೆನ್ ಅವರ ಪುಸ್ತಕ ಬಂದ ಎರಡು ವರ್ಷಗಳ ನಂತರ. ಅವರು ಹಗಲಿನಲ್ಲಿ ತಮ್ಮ ಚಿಕಿತ್ಸಾಲಯದ ಕೆಲಸ ಮುಗಿಸಿ, ಸಂಜೆಯ ಮೇಲೆ ನ್ಯೂಯಾರ್ಕಿನ ಉಚಿತ ಚಿಕಿತ್ಸಾಕೇಂದ್ರವೊಂದರಲ್ಲಿ ಮಾದಕವ್ಯಸನಕ್ಕೆ ಸಿಕ್ಕಿದ ಯುವಜನರ ನಡುವೆ ದುಡಿಯುತ್ತಿದ್ದರು. ಅಲ್ಲಿನ ಸ್ವಯಂಸೇವಕರಲ್ಲಿಯೂ ತಮ್ಮಲ್ಲಿಯೂ ಕಂಡದ್ದನ್ನು ಬರೆದರು. ಅವರ ಗಮನಕ್ಕೆ ಬಂದ ಮುಖ್ಯ ಸಂಗತಿಯೆಂದರೆ, ಹೆಚ್ಚು ಸಮರ್ಪಿಸಿಕೊಂಡವರೇ ಮೊದಲು ಕುಸಿಯುತ್ತಾರೆ ಎಂಬುದು.

ಈ ಸ್ಥಿತಿಗೆ ದಣಿವು ಎಂಬ ಮಾತು ಸಾಲದು. ದಣಿದವನು ಉಂಡು ಮಲಗಿ ಎದ್ದರೆ ಚೇತರಿಸಿಕೊಳ್ಳುತ್ತಾನೆ. ಎಣ್ಣೆ ತೀರಿದ ದೀಪದಲ್ಲಿ ಬತ್ತಿ ತಾನೇ ಉರಿದು ಕರಕಲಾಗುವುದನ್ನು ನಾವು ಕಂಡಿದ್ದೇವೆ. ಅದು ಇದಕ್ಕೆ ಹತ್ತಿರದ ಚಿತ್ರ. ಈ ಬರಹದಲ್ಲಿ ಇದನ್ನು ‘ಬಸವಳಿಕೆ’ ಎಂದು ಕರೆಯುತ್ತೇನೆ. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿ ಮೂರು ಲಕ್ಷಣಗಳನ್ನು ಗುರುತಿಸಿದರು: ಭಾವನೆಗಳು ಬರಿದಾಗುವುದು, ಎದುರಿಗಿರುವ ಮನುಷ್ಯನನ್ನು ಒಂದು ‘ಕೇಸ್’ ಎಂಬಂತೆ ಕಾಣತೊಡಗುವುದು, ತಾನು ಮಾಡಿದ ಕೆಲಸಕ್ಕೆ ಅರ್ಥವೇ ಇಲ್ಲವೆನ್ನಿಸುವುದು. ಗೋಡೆಯ ಗಡಿಯಾರ ಮಾತ್ರ ಕಾಣುತ್ತದೆ ಎಂದ ಸಹೋದರಿ ಈ ಎರಡನೆಯ ಲಕ್ಷಣವನ್ನೇ ಹೇಳುತ್ತಿದ್ದರು. ಅದನ್ನು ಅವರು ಪಾಪನಿವೇದನೆಯ ಧ್ವನಿಯಲ್ಲಿ ಹೇಳಿದರು. ನಾನೂ ಹಾಗೆಯೇ ಕೇಳಿಸಿಕೊಂಡೆ.

ಮ್ಯಾಸ್ಲಾಕ್ ಅವರು ಮೈಕೆಲ್ ಲೈಟರ್ ಅವರೊಂದಿಗೆ 1997ರಲ್ಲಿ ಪ್ರಕಟಿಸಿದ ಕೃತಿ ಇನ್ನೂ ಮುಂದೆ ಹೋಯಿತು. ಬಸವಳಿಕೆಯನ್ನು ವ್ಯಕ್ತಿಯ ದೌರ್ಬಲ್ಯವೆಂದು ನೋಡುವುದು ತಪ್ಪು; ಅದರ ಬೇರು ಕೆಲಸದ ಏರ್ಪಾಡಿನಲ್ಲಿದೆ ಎಂದು ಅವರು ವಾದಿಸಿದರು. ಮಿತಿಮೀರಿದ ಹೊರೆ, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು, ಸಾಲದ ಪ್ರತಿಫಲ, ಸಹೋದ್ಯೋಗಿಗಳ ನಡುವಿನ ಬಿರುಕು, ಅನ್ಯಾಯ, ಹೇಳುವ ಮೌಲ್ಯಕ್ಕೂ ನಡೆಯುವ ರೀತಿಗೂ ಇರುವ ಅಂತರ ಎಂಬ ಆರು ಎಡೆಗಳನ್ನು ಅವರು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಅಂಗೀಕಾರವಾದ ತನ್ನ ರೋಗವರ್ಗೀಕರಣದಲ್ಲಿ ಇದನ್ನು ಕಾಯಿಲೆಯೆಂದು ಪಟ್ಟಿಮಾಡಲಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಕರೆಯಿತು. ಸಭೆಯ ಮಟ್ಟಿಗೆ ಇದರ ಅರ್ಥ ಸ್ಪಷ್ಟ. ನಮ್ಮ ಸಮಾಲೋಚಕಿ ಬಸವಳಿದರೆ ಪ್ರಶ್ನೆ ಆಕೆಯ ಭಕ್ತಿಯ ಕುರಿತು ಮಾತ್ರ ಏಳುವುದಿಲ್ಲ. ನಾವು ನಡೆಸುವ ಸಂಸ್ಥೆಯ ಕುರಿತೂ ಏಳುತ್ತದೆ.

ನಮ್ಮ ದೇಶದಲ್ಲಿ ಈ ಹೊರೆ ಎಷ್ಟು ಭಾರವೆಂಬುದಕ್ಕೆ ಲೆಕ್ಕಗಳಿವೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತೆಂದು ಕಂಡುಕೊಂಡಿತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕರೆಯುವವರು ಅಷ್ಟು ಮಂದಿ, ಓಗೊಡುವವರು ಕೆಲವರೇ. ಸಮಾಜಕಾರ್ಯದ ಶಿಕ್ಷಣಕ್ಕೂ ಕ್ರೈಸ್ತ ಸೇವೆಗೂ ಇಲ್ಲಿ ಹಳೆಯ ನಂಟಿದೆ. 1936ರಲ್ಲಿ ಮುಂಬಯಿಯಲ್ಲಿ ಆರಂಭವಾದ ಟಾಟಾ ಸಮಾಜಕಾರ್ಯ ಶಾಲೆಯ ಮೊದಲ ನಿರ್ದೇಶಕರು ಮಿಷನರಿಯಾಗಿ ಬಂದಿದ್ದ ಕ್ಲಿಫರ್ಡ್ ಮ್ಯಾನ್ಸ್‌ಹಾರ್ಟ್; ಮಂಗಳೂರಿನ ರೋಶನಿ ನಿಲಯವನ್ನು 1960ರಲ್ಲಿ ತೆರೆದವರು ಧರ್ಮಭಗಿನಿಯರು. ಈ ವೃತ್ತಿಯ ದಣಿವನ್ನು ಹೊರಗಿನವರ ಸಮಸ್ಯೆಯೆಂದು ನಾವು ನೋಡುವಂತಿಲ್ಲ.

3. ಹಾಸಿಗೆಯ ಪಕ್ಕದಲ್ಲಿ ನಿಂತ ವಿದ್ಯಾರ್ಥಿ

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನೌವೆನ್ ಅವರ ಮೂರನೆಯ ಅಧ್ಯಾಯಕ್ಕೆ ಬರೋಣ. ಹ್ಯಾರಿಸನ್ ಎಂಬ ಕೃಷಿ ಕೂಲಿಕಾರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗಾಗಿ ಕಾಯುತ್ತಿದ್ದಾನೆ. ಅವನಿಗೆ ಸಾಯಲೂ ಭಯ, ಬದುಕಿ ಹಿಂದಿರುಗಲೂ ಭಯ. ಹೊರಗೆ ಅವನಿಗಾಗಿ ಕಾಯುವವರು ಯಾರೂ ಇಲ್ಲ. ಜಾನ್ ಎಂಬ ದೈವಶಾಸ್ತ್ರದ ವಿದ್ಯಾರ್ಥಿ ಅವನನ್ನು ಭೇಟಿಮಾಡುತ್ತಾನೆ, ಏನು ಮಾತನಾಡಬೇಕೆಂದು ತಿಳಿಯದೆ ತಡವರಿಸುತ್ತಾನೆ. ಹ್ಯಾರಿಸನ್ ಶಸ್ತ್ರಚಿಕಿತ್ಸೆಯಿಂದ ಬದುಕಿ ಬರುವುದಿಲ್ಲ. ಜಾನ್ ಏನು ಮಾಡಬಹುದಿತ್ತೆಂದು ನೌವೆನ್ ಸೂಕ್ಷ್ಮವಾಗಿ ವಿಶ್ಲೇಷಿಸುತ್ತಾರೆ. ನಾಳೆಯವರೆಗೆ ನಾನು ನಿನಗಾಗಿ ಕಾಯುತ್ತೇನೆ ಎಂಬ ಭರವಸೆಯೇ ನಿರೀಕ್ಷೆಯ ಬೀಜವಾಗಬಹುದಿತ್ತು ಎಂಬುದು ಅವರ ಕಾಣ್ಕೆ. ಆಸ್ಪತ್ರೆಯ ಭೇಟಿಗೆ ಹೋಗುವ ಯಾವ ವಿದ್ಯಾರ್ಥಿಯೂ ಈ ಪುಟಗಳನ್ನು ಓದದೆ ಹೋಗಬಾರದು.

ಆದರೆ ಅಧ್ಯಾಯದ ಪ್ರಶ್ನೆ ಹ್ಯಾರಿಸನ್ನನನ್ನು ನಾಳೆಗೆ ಕರೆದೊಯ್ಯುವುದು ಹೇಗೆಂಬುದು. ಜಾನ್‌ನ ನಾಳೆ ಅದರ ಪ್ರಶ್ನೆಯಲ್ಲ. ಜಾನ್ ಅಂದು ಎಷ್ಟನೆಯ ರೋಗಿಯ ಬಳಿ ನಿಂತಿದ್ದ? ಹ್ಯಾರಿಸನ್ ಸತ್ತ ಮರುದಿನ ಅದೇ ವಾರ್ಡಿಗೆ ಅವನು ಹೇಗೆ ಹೋಗುತ್ತಾನೆ? ಒಬ್ಬ ಹ್ಯಾರಿಸನ್ನನಿಗಾಗಿ ಕಾಯುವುದು ಸಾಧ್ಯ. ತಿಂಗಳಿಗೆ 40 ಮಂದಿ ಹ್ಯಾರಿಸನ್ನರು ಬಂದರೆ, ಪ್ರತಿಯೊಬ್ಬನಿಗೂ ‘ನಾನು ಕಾಯುತ್ತೇನೆ’ ಎಂದು ಪ್ರಾಮಾಣಿಕವಾಗಿ ಹೇಳಲು ಯಾರಿಂದ ಸಾಧ್ಯ? ನೌವೆನ್ ಅವರ ದೃಷ್ಟಿಯಲ್ಲಿ ಸೇವೆಯೆಂದರೆ ಇಬ್ಬರ ನಡುವಿನ ಭೇಟಿ. ವೃತ್ತಿಯಾಗಿ ಆರೈಕೆ ಮಾಡುವವರ ದಿನವಾದರೋ ಭೇಟಿಗಳ ಸಾಲು, ದಾಖಲೆಗಳ ರಾಶಿ, ರಾತ್ರಿಯೂ ಮೊಳಗುವ ಫೋನ್. ಆಳವಾದ ಒಂದು ಭೇಟಿಗೆ ಸಿದ್ಧಗೊಳಿಸುವ ಪುಸ್ತಕವು ಆ ಸಾಲಿಗೆ ಸಿದ್ಧಗೊಳಿಸುವುದಿಲ್ಲ.

ಅದೇ ರೀತಿ ‘ತನ್ನ ಮನೆಯಲ್ಲಿ ನೆಮ್ಮದಿಯಿಂದಿರುವ ಅತಿಥೇಯ’ ಎಂಬ ರೂಪಕದಲ್ಲಿ ಮನೆಯೆಂದರೆ ಅಂತರಂಗ. ಪ್ರಾರ್ಥನೆಯಿಂದ, ಏಕಾಗ್ರತೆಯಿಂದ ಆ ಮನೆ ಸಿದ್ಧವಾಗುತ್ತದೆ. ನಿಜ. ಆದರೆ ಮನೆಗೆ ಬಾಡಿಗೆಯೂ ಇರುತ್ತದೆ. ತಿಂಗಳ ಸಂಬಳ ಸಮಯಕ್ಕೆ ಬರುವುದು, ವಾರಕ್ಕೊಂದು ದಿನ ಬಿಡುವು, ಕಷ್ಟದ ಪ್ರಕರಣವನ್ನು ಚರ್ಚಿಸಲು ಒಬ್ಬ ಹಿರಿಯ ಮೇಲ್ವಿಚಾರಕ, ತಾನಿಲ್ಲದ ದಿನ ಕೆಲಸ ನೋಡಿಕೊಳ್ಳಲು ಇನ್ನೊಂದು ಕೈ, ಇವೂ ಆ ನೆಮ್ಮದಿಯ ಗೋಡೆಗಳು. ಪುಸ್ತಕ ಈ ಗೋಡೆಗಳ ಬಗ್ಗೆ ಮಾತನಾಡುವುದಿಲ್ಲ. ತಾಲ್ಮೂದಿನ ಕಥೆಯಲ್ಲಿಯೂ ಊರಬಾಗಿಲಲ್ಲಿ ಕುಳಿತವರು ತಮ್ಮ ತಮ್ಮ ಗಾಯಗಳನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಒಬ್ಬರ ಗಾಯವನ್ನು ಇನ್ನೊಬ್ಬರು ಕಟ್ಟುವುದು ಅಲ್ಲಿ ಕಾಣುವುದಿಲ್ಲ.

ವಿಚಿತ್ರವೆಂದರೆ, ಇಂದು ತರಬೇತಿ ಶಿಬಿರಗಳಲ್ಲಿ ಕಲಿಸುವ ‘ಸ್ವ-ಆರೈಕೆ’ಯೂ ಇದೇ ಕೊರತೆಯಿಂದ ಬಳಲುತ್ತದೆ. ನಿದ್ದೆ ಮಾಡಿ, ನಡೆಯಿರಿ, ದಿನಚರಿ ಬರೆಯಿರಿ, ‘ಆಗದು’ ಎನ್ನಲು ಕಲಿಯಿರಿ ಎಂಬ ಸಲಹೆಗಳು ಒಳ್ಳೆಯವೇ. ಪಾಲಿಸಿದವರಿಗೆ ಉಪಯೋಗವೂ ಆಗಿದೆ. ಆದರೆ ಇಬ್ಬರ ಕೆಲಸವನ್ನು ಒಬ್ಬಳ ಮೇಲೆ ಹೊರಿಸಿದ ಸಂಸ್ಥೆಯೇ ಅವಳಿಗೆ ಸ್ವ-ಆರೈಕೆಯ ಉಪನ್ಯಾಸ ಏರ್ಪಡಿಸಿದರೆ, ಅವಳ ಪಟ್ಟಿಗೆ ಇನ್ನೊಂದು ಕೆಲಸ ಸೇರಿದಂತಾಯಿತು. ಕುಸಿದರೆ ಈಗ ಅದೂ ಅವಳ ತಪ್ಪು. ಗಾಯವನ್ನು ಸಾರ್ಥಕಪಡಿಸಿಕೋ ಎನ್ನುವ ಧರ್ಮಬೋಧೆಯೂ ನಿನ್ನನ್ನು ನೀನೇ ನೋಡಿಕೋ ಎನ್ನುವ ಲೋಕಬೋಧೆಯೂ ಕೊನೆಗೆ ಹೊರೆಯನ್ನು ಅದೇ ಹೆಗಲಿಗೆ ಹಿಂದಿರುಗಿಸುತ್ತವೆ.

4. ಪುಸ್ತಕವನ್ನು ತಿದ್ದಿದ ಬದುಕು

ನೌವೆನ್ ಅವರ ಪುಸ್ತಕಕ್ಕೆ ಅತ್ಯುತ್ತಮ ತಿದ್ದುಪಡಿ ಅವರ ಬದುಕಿನಲ್ಲಿಯೇ ಇದೆ. ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಅಧ್ಯಾಪನವನ್ನು ಬಿಟ್ಟು, ಅವರು 1986ರಲ್ಲಿ ಕೆನಡಾದ ಟೊರಾಂಟೊ ಬಳಿಯ ‘ಡೇಬ್ರೇಕ್’ ಎಂಬ ಸಮುದಾಯವನ್ನು ಸೇರಿದರು. ಬೌದ್ಧಿಕ ವಿಕಲತೆಯುಳ್ಳವರೂ ಅವರ ಸಹಾಯಕರೂ ಒಂದೇ ಮನೆಯಲ್ಲಿ ಬಾಳುವ ‘ಲಾರ್ಶ್’ ಸಮುದಾಯಗಳಲ್ಲಿ ಅದೊಂದು. ಮಾತು ಬಾರದ ಆದಮ್ ಎಂಬ ಯುವಕನಿಗೆ ಬೆಳಿಗ್ಗೆ ಸ್ನಾನಮಾಡಿಸಿ, ಬಟ್ಟೆ ತೊಡಿಸಿ, ತಿಂಡಿ ತಿನ್ನಿಸುವ ಕೆಲಸ ಜಗದ್ವಿಖ್ಯಾತ ಲೇಖಕನ ಪಾಲಿಗೆ ಬಂತು. ಆ ಅನುಭವವನ್ನು ಅವರು ತಮ್ಮ ಕೊನೆಯ ಬರಹಗಳಲ್ಲೊಂದರಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ.

ಅಲ್ಲಿಗೆ ಹೋದ ಮರುವರ್ಷದ ಕೊನೆಯಲ್ಲಿ, ಆಪ್ತ ಸ್ನೇಹವೊಂದು ಮುರಿದ ಹಿನ್ನೆಲೆಯಲ್ಲಿ ಅವರು ಸಂಪೂರ್ಣ ಕುಸಿದರು. ಗಾಯಗೊಂಡ ವೈದ್ಯನ ಕುರಿತು ಬರೆದವರಿಗೆ ತಮ್ಮ ಗಾಯವನ್ನು ತಾವೇ ಕಟ್ಟಿಕೊಳ್ಳಲಾಗಲಿಲ್ಲ. ಆಗ ಸಮುದಾಯವು ಅವರನ್ನು ಬಿಡುಗಡೆಮಾಡಿ ಕಳುಹಿಸಿತು. ಬೇರೆ ಊರಿನಲ್ಲಿ ಇಬ್ಬರು ಮಾರ್ಗದರ್ಶಕರ ಆರೈಕೆಯಲ್ಲಿ ಅವರು ಸುಮಾರು ಆರು ತಿಂಗಳು ಕಳೆದರು. ಡೇಬ್ರೇಕ್ ಅವರ ಸ್ಥಾನವನ್ನು ಕಾಯ್ದಿರಿಸಿತು. ಅವರು ಹಿಂದಿರುಗಿ ಅಲ್ಲಿಯೇ ಸೇವೆ ಮುಂದುವರಿಸಿದರು. ಆ ದಿನಗಳ ಗುಪ್ತ ದಿನಚರಿ ‘ದಿ ಇನ್ನರ್ ವಾಯ್ಸ್ ಆಫ್ ಲವ್’ ಎಂಬ ಹೆಸರಿನಲ್ಲಿ 1996ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ತೀರಿಕೊಂಡರು.

ಈ ಪ್ರಸಂಗವನ್ನು ನಾವು ನೌವೆನ್ ಅವರ ಆತ್ಮಿಕ ಪಯಣವೆಂದು ಓದುತ್ತೇವೆ. ಸಂಸ್ಥೆಯ ಕಡೆಯಿಂದಲೂ ಓದಬೇಕು. ಒಬ್ಬ ಪಾಲಕನಿಗೆ ಆರು ತಿಂಗಳ ಬಿಡುವು ಕೊಟ್ಟು, ಅವನ ಜಾಗವನ್ನು ಉಳಿಸಿ, ಹಿಂದಿರುಗಿದಾಗ ನಾಚಿಕೆಪಡಿಸದೆ ಬರಮಾಡಿಕೊಂಡ ಸಮುದಾಯವೊಂದು ಇದ್ದುದರಿಂದಲೇ ಆ ಪಯಣ ಸಾಧ್ಯವಾಯಿತು. ಹಾಗೆಂದು ಸಮುದಾಯವೆಂಬ ಪದಕ್ಕೆ ಮಾಂತ್ರಿಕ ಶಕ್ತಿಯನ್ನು ಆರೋಪಿಸಬೇಕಾಗಿಲ್ಲ. ಲಾರ್ಶ್‌ನ ಸ್ಥಾಪಕ ಜಾನ್ ವಾನಿಯೇ ಆತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಹಲವು ಮಹಿಳೆಯರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರೆಂದು ಅದೇ ಸಂಸ್ಥೆ ನಡೆಸಿದ ವಿಚಾರಣೆಯ ವರದಿ 2020ರಲ್ಲಿ ಬಹಿರಂಗಪಡಿಸಿತು. ಗಾಯದ ಭಾಷೆ, ಪ್ರೀತಿಯ ಭಾಷೆ ಎಷ್ಟೇ ಹೃದ್ಯವಾಗಿರಲಿ, ಲೆಕ್ಕ ಕೇಳುವ ವ್ಯವಸ್ಥೆ ಇಲ್ಲದಲ್ಲಿ ಅದು ಮುಖವಾಡವೂ ಆಗಬಲ್ಲದು. ಆರೈಕೆಗೆ ಪ್ರೀತಿಯೊಂದಿಗೆ ನಿಯಮವೂ ಬೇಕು.

5. ಛತ್ರದವನು

ಹಾಗಾದರೆ ಗಾಯಗೊಂಡ ವೈದ್ಯನ ಬದಲಿಗೆ ನಾವು ಯಾವ ಚಿತ್ರವನ್ನು ಮುಂದಿಡಬೇಕು? ಲೂಕ 10ರ ಸಾಮ್ಯವನ್ನು ಕೊನೆಯ ವಚನದವರೆಗೂ ಓದಿದರೆ ಸಾಕೆಂದು ನನಗೆ ತೋರುತ್ತದೆ. ಯಾಜಕನನ್ನೂ ಲೇವಿಯನನ್ನೂ ಖಂಡಿಸಿ, ಸಮಾರ್ಯದವನನ್ನು ಹೊಗಳಿ ನಾವು ಪ್ರಸಂಗ ಮುಗಿಸುತ್ತೇವೆ. ಛತ್ರದವನು ನಮ್ಮ ಪ್ರಸಂಗದಲ್ಲಿ ಬರುವುದೇ ಅಪರೂಪ. ಸಮಾರ್ಯದವನು ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ಛತ್ರಕ್ಕೆ ಕರೆತಂದು, ಆ ರಾತ್ರಿ ಆರೈಕೆ ಮಾಡುತ್ತಾನೆ. ಮರುದಿನ ತನ್ನ ದಾರಿ ಹಿಡಿಯುತ್ತಾನೆ. ಹೋಗುವ ಮುನ್ನ ಛತ್ರದವನ ಕೈಗೆ ಎರಡು ಹಣ ಕೊಡುತ್ತಾನೆ. ಅಂದಿನ ಲೆಕ್ಕದಲ್ಲಿ ಅದು ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ತೀರಿಸುತ್ತೇನೆಂದು ಮಾತೂ ಕೊಡುತ್ತಾನೆ.

ಇಲ್ಲಿ ಮೂರು ಸಂಗತಿಗಳಿವೆ. ಮೊದಲನೆಯದಾಗಿ, ಕರುಣೆಯ ಮೂರ್ತಿಯಾದ ಸಮಾರ್ಯದವನೇ ಎಲ್ಲವನ್ನೂ ತಾನೇ ಮಾಡಲಿಲ್ಲ. ಕೆಲಸವನ್ನು ಹಂಚಿದನು, ಹಂಚಿದ್ದಕ್ಕಾಗಿ ಯೇಸು ಅವನನ್ನು ಆಕ್ಷೇಪಿಸಲಿಲ್ಲ. ಎರಡನೆಯದಾಗಿ, ದಿನದಿನದ ಆರೈಕೆ ಮಾಡುವವನಿಗೆ ಕೂಲಿ ಸಂದಿತು; ಛತ್ರದವನ ಸೇವಾಮನೋಭಾವವನ್ನು ನೆಪಮಾಡಿಕೊಂಡು ಹಣ ಉಳಿಸಲಿಲ್ಲ. ಮೂರನೆಯದಾಗಿ, ಲೆಕ್ಕ ಮೀರುವ ವೆಚ್ಚವೊಂದು ಆರೈಕೆಯಲ್ಲಿ ಇದ್ದೇ ಇರುತ್ತದೆಂದು ಸಮಾರ್ಯದವನು ಮೊದಲೇ ಒಪ್ಪಿ, ಅದನ್ನು ತನ್ನ ಸಾಲವೆಂದು ಹೊತ್ತುಕೊಂಡನು. ನಮ್ಮ ಆಸ್ಪತ್ರೆಗಳ ದಾದಿಯರು, ಮಕ್ಕಳ ವಸತಿಗೃಹಗಳ ಮೇಲ್ವಿಚಾರಕಿಯರು, ಸಮಾಲೋಚನಾ ಕೇಂದ್ರಗಳ ಸಮಾಜಕಾರ್ಯಕರ್ತರು ಈ ಛತ್ರದವನ ಸಾಲಿಗೆ ಸೇರಿದವರು. ಸಭೆ ತನ್ನನ್ನು ಸಮಾರ್ಯದವನೆಂದು ಕರೆದುಕೊಳ್ಳುವುದಾದರೆ, ‘ಹೆಚ್ಚಾದದ್ದನ್ನು ತೀರಿಸುತ್ತೇನೆ’ ಎಂಬ ಮಾತೂ ಸಭೆಯದೇ.

ಹಳೆಯ ಒಡಂಬಡಿಕೆಯ ಸಾಕ್ಷಿಯೂ ಇದೇ ದಿಕ್ಕಿನಲ್ಲಿದೆ. ವಿಮೋಚನಕಾಂಡ 18ರಲ್ಲಿ ಮೋಶೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ಕೇಳುತ್ತಾನೆ. ಅವನ ಮಾವನಾದ ಇತ್ರೋ ಇದು ಒಳ್ಳೆಯದಲ್ಲವೆನ್ನುತ್ತಾನೆ. ಅಲ್ಲಿ ಬಳಕೆಯಾಗಿರುವ ಹೀಬ್ರೂ ಕ್ರಿಯಾಪದಕ್ಕೆ ಎಲೆ ಬಾಡುವುದೆಂಬ ಅರ್ಥವಿದೆ. ಬಾಡುವವರು ಮೋಶೆಯೊಬ್ಬನೇ ಅಲ್ಲ, ಸಾಲಿನಲ್ಲಿ ನಿಂತ ಜನರೂ ಎಂಬುದನ್ನು ಇತ್ರೋ ಗುರುತಿಸುತ್ತಾನೆ. ಅವನ ಪರಿಹಾರ ಮೋಶೆಗೆ ಧ್ಯಾನ ಕಲಿಸುವುದಲ್ಲ, ಕೆಲಸವನ್ನು ಹಂಚುವುದು. ಇತ್ರೋ ಮಿದ್ಯಾನಿನ ಯಾಜಕ, ಹೊರಗಿನವನು. ಮನಶ್ಶಾಸ್ತ್ರದಂಥ ಹೊರಗಿನ ವಿದ್ಯೆಯಿಂದ ಕಲಿಯಲು ಸಂಕೋಚಪಡುವವರು ಈ ಅಧ್ಯಾಯವನ್ನು ನೆನೆಯಬೇಕು. 1 ಅರಸುಗಳು 19ರಲ್ಲಿ ಸಾವನ್ನು ಬೇಡಿದ ಎಲೀಯನಿಗೆ ಮೊದಲು ದೊರೆತದ್ದು ಗದರಿಕೆಯಲ್ಲ. ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ. ನಮ್ಮ ಪ್ರಸಂಗಗಳು ಅಲ್ಲಿಂದ ಹೋರೇಬಿನ ಮೆಲುದನಿಗೆ ಹಾರಿ ನಿಲ್ಲುತ್ತವೆ. ಕಥೆ ನಿಲ್ಲುವುದು ಎಲೀಷನ ಹೊಲದಲ್ಲಿ. ತಾನೊಬ್ಬನೇ ಉಳಿದೆನೆಂದವನಿಗೆ ದೇವರು ಕೊನೆಗೆ ಕೊಟ್ಟದ್ದು ಕೈಜೋಡಿಸುವ ಒಬ್ಬ ಮನುಷ್ಯನನ್ನು.

6. ಶಿಲುಬೆಯ ಆಕ್ಷೇಪಣೆ

ಇದಕ್ಕೆ ಗಂಭೀರವಾದ ಆಕ್ಷೇಪಣೆಯೊಂದಿದೆ. ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡನು. ಪೌಲನು ಕೊರಿಂಥದವರಿಗಾಗಿ ತನ್ನನ್ನೇ ವೆಚ್ಚಮಾಡಿಕೊಳ್ಳಲು ಸಂತೋಷಪಟ್ಟನು. ರಜೆ, ಸಂಬಳ, ಕೆಲಸದ ಹಂಚಿಕೆ ಎಂದು ಲೆಕ್ಕ ಹಾಕುವುದು ಶಿಲುಬೆಯ ದಾರಿಗೆ ಒಪ್ಪುವುದೇ?

ಪೌಲನು ವೆಚ್ಚಮಾಡಿದ್ದು ತನ್ನನ್ನು. ಇನ್ನೊಬ್ಬರನ್ನು ವೆಚ್ಚಮಾಡುವ ಅಧಿಕಾರವನ್ನು ಅವನು ಕೇಳಲಿಲ್ಲ. ಅದೇ ಸಭೆಗೆ ಬರೆದ ಅದೇ ಪತ್ರದ 8ನೆಯ ಅಧ್ಯಾಯದಲ್ಲಿ, ಇತರರಿಗೆ ಹಗುರವಾಗಲೆಂದು ನಿಮಗೆ ಭಾರ ಹೊರಿಸುವುದು ತನ್ನ ಉದ್ದೇಶವಲ್ಲ, ಸಮಾನತೆಯೇ ಉದ್ದೇಶವೆಂದು ಅವನು ಸ್ಪಷ್ಟಪಡಿಸುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆನ್ನುವಾಗಲೂ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ಹೊರಬೇಕೆನ್ನುವಾಗಲೂ ಅವನು ಬಳಸುವ ಗ್ರೀಕ್ ಪದಗಳು ಬೇರೆ ಬೇರೆ. ಜಜ್ಜಿಹಾಕುವ ಭಾರ ಹಂಚಿಕೊಳ್ಳತಕ್ಕದ್ದು. ಪಯಣಿಗನ ಗಂಟು ಅವನವನದು. ಶಿಲುಬೆಯನ್ನು ಒಬ್ಬನು ತಾನಾಗಿ ಎತ್ತಿಕೊಳ್ಳುತ್ತಾನೆ. ಆಡಳಿತ ಸಮಿತಿ ಠರಾವು ಮಾಡಿ ಇನ್ನೊಬ್ಬಳ ಹೆಗಲ ಮೇಲಿಡುವ ಹೊರೆಗೆ ಶಿಲುಬೆಯೆಂಬ ಹೆಸರು ಸಲ್ಲದು.

ಈಗ ನನ್ನ ಪಾಲಿನ ಮಾತು. ಆರಂಭದಲ್ಲಿ ಹೇಳಿದ ವ್ಯಸನಮುಕ್ತಿ ಕೇಂದ್ರದ ಸಮಿತಿಯಲ್ಲಿ ನಾನೂ ಸದಸ್ಯನಾಗಿದ್ದೆ. ಎರಡನೆಯ ಸಮಾಲೋಚಕಿಯ ಹುದ್ದೆಯ ಪ್ರಸ್ತಾಪ ಮೂರು ಸಭೆಗಳಲ್ಲಿ ಬಂದು ಮೂರು ಬಾರಿಯೂ ಮುಂದಕ್ಕೆ ಹೋಯಿತು. ನಾನು ಒಮ್ಮೆಯೂ ಎದ್ದು ಮಾತನಾಡಲಿಲ್ಲ. ಅದೇ ವರ್ಷ ಪ್ರಾರ್ಥನಾಮಂದಿರದ ನೆಲಕ್ಕೆ ಹೊಸ ಕಲ್ಲು ಹಾಕಿಸಲು ಒಪ್ಪಿಗೆ ಕೊಟ್ಟೆವು. ಆ ಸಹೋದರಿ ನನ್ನ ಬಳಿ ಬಂದಾಗ ನನ್ನ ಕೈಯಲ್ಲಿ ಮತವಿತ್ತು. ನಾನು ಕೊಟ್ಟದ್ದು ಪುಸ್ತಕ.

ನೌವೆನ್ ಅವರ ಕೃತಿಯನ್ನು ಪಠ್ಯಪಟ್ಟಿಯಿಂದ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಆರೈಕೆ ಮಾಡುವವನು ತನ್ನ ಅಂತರಂಗವನ್ನು ಅರಿಯಲು ಅದಕ್ಕಿಂತ ಸಹೃದಯವಾದ ಪುಸ್ತಕಗಳು ಕಡಿಮೆ. ಅದರ ಜೊತೆಗೆ ಅದರ ಲೇಖಕರ ಕೊನೆಯ ಹತ್ತು ವರ್ಷಗಳನ್ನೂ ಕಲಿಸೋಣ. ವಿಮೋಚನಕಾಂಡ 18ನ್ನೂ ಲೂಕ 10ರ 35ನೆಯ ವಚನವನ್ನೂ ಅದರ ಪಕ್ಕದಲ್ಲಿ ತೆರೆದಿಡೋಣ. ದೀಕ್ಷೆ ಪಡೆದು ಹೊರಡುವ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ಶಾಲೆ, ಆಸ್ಪತ್ರೆ, ಆಶ್ರಯಗೃಹಗಳ ಸಮಿತಿಗಳಲ್ಲಿ ಕೂರುವಿರಿ. ಅಲ್ಲಿ ದುಡಿಯುವವರು ಬಸವಳಿದು ನಿಮ್ಮ ಬಾಗಿಲಿಗೆ ಬಂದರೆ ಅವರೊಂದಿಗೆ ಪ್ರಾರ್ಥಿಸಿರಿ. ಆಮೇಲೆ ಕೇಳಿರಿ: ನಿಮ್ಮ ಹೊಣೆಯಲ್ಲಿ ಎಷ್ಟು ಮಂದಿ ಇದ್ದಾರೆ? ಕೊನೆಯ ಬಾರಿ ರಜೆ ಸಿಕ್ಕಿದ್ದು ಯಾವಾಗ? ನೀವಿಲ್ಲದ ದಿನ ಕೆಲಸ ನೋಡುವವರು ಯಾರು? ಕಷ್ಟದ ಪ್ರಕರಣವನ್ನು ಯಾರೊಂದಿಗೆ ಹಂಚಿಕೊಳ್ಳುತ್ತೀರಿ? ಉತ್ತರಗಳನ್ನು ಬರೆದುಕೊಂಡು ಮುಂದಿನ ಸಮಿತಿಯ ಸಭೆಗೆ ಹೋಗಿರಿ.